ಎರಡನೆಯ ಕ್ಲಾಸಿನಲ್ಲಿ ನನ್ನ ಜರ್ಮನ್

ಐವತ್ತರ ದಶಕದ ಕೊನೆ. ರಾಜಾಜಿನಗರದಲ್ಲಿ ನನ್ನ ಮಗಳು ಎರಡನೆಯ ಕ್ಲಾಸು ಓದುತ್ತಿದ್ದ ಪ್ರೈಮರಿ ಶಾಲೆಗೆ ಹೊಸದಾಗಿ ಬಂದ ಟೀಚರಮ್ಮ ಒಂದು ಪದ್ಧತಿ ಶುರುಮಾಡಿದ್ದರು. ಪ್ರತಿ ಶನಿವಾರ ಯಾರಾದರೊಬ್ಬರ ಮನೆಯವರು ಎರಡನೆಯ ಕ್ಲಾಸಿಗೆ ಹೋಗಿ, ತಮಗೆ ಬರುವ ಬೇರೆ ಭಾಷೆಯ ನಾಲ್ಕು ಮಾತು ಕಲಿಸಬೇಕು. ತಮಿಳು, ತೆಲುಗು, ಉರ್ದು ಎಲ್ಲ ಆಗಿಹೋಗಿತ್ತು. ನನ್ನ ಮಗಳು ಎದ್ದು ನಿಂತು, "ನಮ್ಮಪ್ಪಂಗೆ ಜರ್ಮನ್ ಬರತ್ತೆ" ಅಂದುಬಿಟ್ಟಳು.

ತಪ್ಪು ನನ್ನದೇ. ಫ್ಯಾಕ್ಟರಿಯಲ್ಲಿ ಕಬ್ಬಿಣ ಕಡೆಯುವ ನಮ್ಮ ಲೇತ್ ವಿಭಾಗಕ್ಕೆ ಜರ್ಮನಿಯಿಂದ ಬಂದ ಫೋರ್‌ಮನ್ ಒಬ್ಬರಿದ್ದರು. ಅವರಿಂದ ಕಲಿತ ಹತ್ತಿಪ್ಪತ್ತು ಮಾತನ್ನು ಮನೆಯಲ್ಲಿ ಉದುರಿಸಿ ಮೆರೆಯುತ್ತಿದ್ದೆ. ಮೂರನೆಯ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಅದನ್ನು ಮಾತ್ರ ಮಗಳಿಗೆ ಹೇಳಿರಲಿಲ್ಲ.

ಆ ವಾರವೆಲ್ಲ ಅದೇ ಯೋಚನೆ. ಕಡೆಯುತ್ತಿದ್ದ ಎರಡು ತುಂಡು ಕೆಡಿಸಿದೆ. ಪಕ್ಕದ ಲೇತಿನವನು, "ಏನ್ ಗುರು, ಮೇಷ್ಟ್ರಾಗ್ತೀಯಂತೆ? ನಮ್ಗೂ ಒಂದ್ ಸ್ಲೇಟು ಕೊಡ್ಸಪ್ಪ" ಎಂದು ಕೆಣಕಿದ.

ಶನಿವಾರ ಅರ್ಧ ದಿನ ರಜೆ ಹಾಕಿ ಹೋದೆ. ಬೋರ್ಡಿನ ಮೇಲೆ ಕನ್ನಡ ಅಕ್ಷರದಲ್ಲೇ ಐನ್ಸ್, ತ್ಸ್ವೈ, ದ್ರೈ, ಅಂದರೆ ಒಂದು, ಎರಡು, ಮೂರು ಎಂದು ಬರೆದೆ. ಕಬ್ಬಿಣದ ಮೇಲೆ ಕೂದಲೆಳೆಯಂಥ ಗೆರೆ ಎಳೆದು ರೂಢಿಯಾದ ಕೈ. ಅಕ್ಷರಗಳು ಸಾಸಿವೆ ಕಾಳಿನಷ್ಟಾದವು.

"ಏನೂ ಕಾಣ್ತಿಲ್ಲ ಸಾರ್!" ಹಿಂದಿನ ಸಾಲು ಕೂಗಿತು.

ಅಳಿಸಿಬಿಟ್ಟೆ. ಲೇತಿನ ಹಿಡಿಕೆ ತಿರುಗಿಸುವಂತೆ ಗಾಳಿಯಲ್ಲಿ ಕೈ ತಿರುಗಿಸಿದೆ. ಲಾಂಗ್‌ಸಾಮ್ ಅಂದರೆ ನಿಧಾನ, ಶ್ನೆಲ್ ಅಂದರೆ ಬೇಗ. ಮಕ್ಕಳೆಲ್ಲ ಆ ಮಾತು ಕೂಗುತ್ತ ಗರಗರ ಕೈ ತಿರುಗಿಸಿದರು. ಎಲ್ಲರಿಗಿಂತ ಜೋರಾಗಿ ಕೂಗಿದವಳು ನನ್ನ ಮಗಳು.

ಆಗ ಮುಂದೆ ಕೂತಿದ್ದ ಹುಡುಗಿಯೊಬ್ಬಳು, "ಸ್ಕೂಲಿಗೆ ಏನಂತಾರೆ ಸಾರ್?" ಅಂದಳು.

ಲೇತಿನ ಮುಂದೆ ಆ ಮಾತು ಎಂದೂ ಬೇಕಾಗಿರಲಿಲ್ಲ. ಏನೋ ಒಂದು ಅಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಸುಳ್ಳು ನಾಲಿಗೆ ತುದಿಗೂ ಬಂದಿತ್ತು. ಮಗಳು ನನ್ನನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲ ಕಣಮ್ಮ. ನಾನು ಸ್ಕೂಲಿಗೆ ಜಾಸ್ತಿ ಹೋದವ್ನಲ್ಲ."

ಮಗಳು ತಲೆ ತಗ್ಗಿಸಿದಳು.

ಕೆಲಸಕ್ಕೆ ಸೇರಿದಾಗಿನಿಂದ ಗೊತ್ತಿಲ್ಲದ್ದನ್ನು ಯಾರ ಬಳಿಯೂ ಬಾಯಿಬಿಟ್ಟು ಕೇಳದಿದ್ದ ನಾನು ಅಂದು ಮಧ್ಯಾಹ್ನ ಫ್ಯಾಕ್ಟರಿಗೆ ಹೋದವನೇ ಫೋರ್‌ಮನ್ ಮುಂದೆ ನಿಂತು ಆ ಮಾತು ಕೇಳಿದೆ. ಸಂಜೆ ಚಪ್ಪಲಿಯನ್ನೂ ಬಿಡದೆ ಮಗಳಿಗೆ ಹೇಳಿದೆ: "ಶೂಲೆ. ಸ್ಕೂಲಿಗೆ ಶೂಲೆ ಅಂತಾರೆ."

"ನಂಗ್ಯಾಕೆ ಹೇಳ್ತೀಯ? ಅವ್ಳು ಕ್ಲಾಸಲ್ಲಿ ಕೇಳಿದ್ದು. ಅಲ್ಲೇ ಬಂದು ಹೇಳು."

ಸೋಮವಾರ ಕೆಲಸಕ್ಕೆ ಹೋಗಲಿಲ್ಲ. ಶಾಲೆಯೊಳಗೆ ಪ್ರಾರ್ಥನೆ ನಡೆಯುತ್ತಿತ್ತು. ಅದು ಮುಗಿಯಲೆಂದು, ಶೂಲೆ, ಶೂಲೆ ಎಂದುಕೊಳ್ಳುತ್ತ ಗೇಟಿನ ಹೊರಗೆ ಅತ್ತಿಂದಿತ್ತ ಓಡಾಡುತ್ತಿದ್ದೆ.