ಕೊಸ್ಮಸಣ್ಣನನ್ನು ಯಾರೂ ವಾಪಸ್ ಕರೆಯಲಿಲ್ಲ

ಬಹ್ರೈನಿನ ಮನಾಮದ ಹಳೇ ಪೇಟೆ ಸೂಕ್‌ನಲ್ಲಿ ಕೊಸ್ಮಸಣ್ಣನ ಮುಖ ಕಂಡರೆ ಅಂಗಡಿಯವರು ಕ್ಯಾಲ್ಕುಲೇಟರ್ ಒಳಗಿಡುತ್ತಿದ್ದರು ಎಂದರೆ ನೀವು ನಗುತ್ತೀರಿ. ನಗಿ. ಅವರ ಮೇಲಿನ ಮನೆಯ ಉಷಾಲತಾ ನಾನು, ಕಣ್ಣಾರೆ ಕಂಡವಳು. ನಮ್ಮ ಬಿಲ್ಡಿಂಗಿನಿಂದ ಊರಿಗೆ ಹೊರಟವರೆಲ್ಲ ಚಿನ್ನವೋ ಕಂಬಳಿಯೋ ಕೊಳ್ಳಲು ಈ ಮಹಾನುಭಾವರನ್ನೇ ಕರೆದೊಯ್ಯುತ್ತಿದ್ದರು. ಅವರ ವಿದ್ಯೆ ಬಲು ಸರಳ: ಅರ್ಧ ಬೆಲೆಗೆ ಕೇಳು, ಮುಖ ಸಿಂಡರಿಸು, ಎದ್ದು ನಡೆ. ಹೊಸ್ತಿಲು ದಾಟುವುದರೊಳಗೆ “ತಆಲ್ ಸದೀಕ್, ಬಾ ಬಾ” ಎಂದು ಹಿಂದಿನಿಂದ ಕೂಗು ಬರಲೇಬೇಕು. ಬರುತ್ತಿತ್ತು ಕೂಡ.

ತೊಂಬತ್ತಾರರಲ್ಲಿ ಸಲ್ಮಾಬಾದಿನ ಅವರ ಪಂಪ್ ರಿಪೇರಿ ಕಂಪೆನಿ ಅವರನ್ನು ತರಬೇತಿಗೆಂದು ಬೆಲ್ಜಿಯಮ್ಮಿಗೆ ಕಳಿಸಿತು. ಮಗಳು ರೀಮಾಳ ಮದುವೆ ಜನವರಿಗೆ ಗೊತ್ತಾಗಿತ್ತು. ಎಂದೂ ಏನೂ ಕೇಳದ ಹುಡುಗಿ ಒಂದೇ ಒಂದು ಕೇಳಿದಳು: “ಪಪ್ಪಾ, ಬ್ರೂಜ್‌ನಲ್ಲಿ ಕೈಯಲ್ಲೇ ಹೆಣೆದ ಲೇಸ್ ಸಿಗ್ತದಂತೆ. ಮದುವೆ ದಿನ ತಲೆಗೆ ಹಾಕ್ಲಿಕ್ಕೆ ಒಂದು ವೇಲ್ ತನ್ನಿ. ಬೇರೆ ಎಂತದೂ ಬೇಡ.”

ಕೊನೆಯ ಶನಿವಾರ ರೈಲು ಹತ್ತಿ ಬ್ರೂಜ್‌ಗೆ ಹೋದರು. ಮಳೆಯೆಂದರೆ ಮಳೆ, ಮೇಲೆ ಕೊಡೆ ಮುರಿಯುವ ಗಾಳಿ. ಅಲ್ಲಿಯವರು ಗೊಣಗುತ್ತಿದ್ದರೆ ಇವರಿಗೆ ಹಬ್ಬ! ಬಹ್ರೈನಿನಲ್ಲಿ ನಾಲ್ಕು ಹನಿ ಬಿದ್ದರೆ ಕಾರು ತೆಗೆದು ಸುತ್ತಾಡುವವರಲ್ಲವೇ ನಾವು. ವರ್ಷವಿಡೀ ಕ್ರಿಸ್ಮಸ್ ನಕ್ಷತ್ರ ಮಾರುವ ಅಂಗಡಿ, ಬರೀ ಗುಂಡಿ ಮಾರುವ ಅಂಗಡಿ, ಗಿರಾಕಿಗಳಿಗಿಂತ ಬೆಕ್ಕುಗಳೇ ಹೆಚ್ಚಿದ್ದ ಕೆಫೆ, ಎಲ್ಲದರೊಳಗೂ ಹೊಕ್ಕು ನೆಲ ಒದ್ದೆ ಮಾಡಿ ಬಂದರು. “ಅಂಗಿ ಗುಂಡಿ ಮಾರಿ ಬಾಡಿಗೆ ಹೇಗೆ ಕಟ್ತಾರೆ ಉಷಕ್ಕ?” ಎಂಬುದು ಇವತ್ತಿಗೂ ಅವರ ಚಿಂತೆ.

ಕೊನೆಗೆ ಲೇಸಿನ ಅಂಗಡಿ. ಅಜ್ಜಿಯೊಬ್ಬಳು ಹರಡಿ ತೋರಿಸಿದ ವೇಲನ್ನು ಕೊಸ್ಮಸಣ್ಣ ಎರಡೂ ಕೈಯಲ್ಲಿ ಎತ್ತಿ ಹಿಡಿದರಂತೆ. ಅದರ ಕೆಳಗೆ ಮಗಳ ಮುಖವೇ ಕಂಡಿತಂತೆ. ಜೇಬಿನಲ್ಲಿ ಹಣವೂ ಇತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗುತ್ತದೆಯೇ? ಅರ್ಧಕ್ಕೆ ಕೇಳಿದರು. ಅಜ್ಜಿ ಬೇಸರಿಸದೆ ಅರ್ಧ ಬೆಲೆಯ ಇನ್ನೊಂದು ತಂದಿಟ್ಟಳು, ಚಿಕ್ಕ ಮಕ್ಕಳು ಹಾಕುವಂಥದ್ದು. ಇವರು ಮುಖ ಸಿಂಡರಿಸಿ ಎದ್ದು ನಡೆದರು.

ಹೊಸ್ತಿಲು ದಾಟಿದರು. ರಸ್ತೆಯನ್ನೂ ದಾಟಿದರು. ಕೂಗು ಬರಲಿಲ್ಲ.

ಎದುರಿನ ಕೆಫೆಯ ಕಿಟಕಿ ಪಕ್ಕ ಕೂತು ಕಾಫಿ ತರಿಸಿದರು. ಬಸಿಯಲ್ಲಿದ್ದ ಬಿಸ್ಕತ್ತಿಗೆ ಬೇರೆ ಬಿಲ್ಲು ಮಾಡಿಯಾರೆಂದು ಮುಟ್ಟಲಿಲ್ಲ. ಮುದುಕಿ ಗಟ್ಟಿ ಆಸಾಮಿ, ಈಗ ಕರೆಯುತ್ತಾಳೆ, ಇನ್ನೇನು ಕರೆಯುತ್ತಾಳೆ ಎಂದು ಕಾದದ್ದೇ ಕಾದದ್ದು. ಅಜ್ಜಿ ಬಾಗಿಲಿಗೆ ಬಂದಳು. ಗೆದ್ದೆನೆಂದು ಇವರು ಎದ್ದರು. ಅವಳು ಆಕಾಶ ನೋಡಿ, ಬಾಗಿಲ ಬೋರ್ಡು ತಿರುಗಿಸಿ, ಚಿಲಕ ಹಾಕಿದಳು. ಓಡಿಹೋಗಿ ಗಾಜು ಬಡಿದರೆ ಒಳಗಿನಿಂದಲೇ ಗಡಿಯಾರ ತೋರಿಸಿ, ನಕ್ಕು, ದೀಪ ಆರಿಸಿದಳು. ಮರುದಿನ ಭಾನುವಾರ, ಬೆಳಿಗ್ಗೆಯೇ ವಿಮಾನ. ಕೇಳಿದಷ್ಟೂ ಕೊಡುತ್ತೇನೆಂದು ಮಳೆಯಲ್ಲಿ ನಿಂತು ಕೂಗಿದರಂತೆ. ಯಾರಿಗೆ ಕೂಗುವುದು, ಕರ್ಮ!

ಬಹ್ರೈನಿಗೆ ಬಂದವರು ನಮ್ಮೆದುರು ಜಂಬ ಕೊಚ್ಚಿಕೊಂಡರು: “ಆ ಅಜ್ಜಿಗೆ ವ್ಯಾಪಾರವೇ ಗೊತ್ತಿಲ್ಲ ಮಾರಾಯ್ರೆ!”

ರೀಮಾ ಅಲ್ಲೇ ಇದ್ದಳು. “ನನ್ನ ವೇಲಿಗೂ ಚೌಕಾಸಿ ಮಾಡಿದ್ರಾ ಪಪ್ಪಾ?” ಎಂದಷ್ಟೇ ಕೇಳಿ ಒಳಗೆ ಹೋದಳು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಆ ಮನುಷ್ಯನ ಮುಖ ನೋಡಿದ ಮೇಲೆ ಬೈಯುವ ಬದಲು ಕುರ್ಚಿ ಎಳೆದುಕೊಟ್ಟೆ.

ಮರುದಿನ ನನ್ನನ್ನೂ ಕರೆದುಕೊಂಡು ಸೂಕ್‌ಗೆ ಹೋದರು. ಸಿಕ್ಕಿದ್ದು ಮೆಷಿನ್ ಲೇಸು, ಇದ್ದುದರಲ್ಲಿ ಒಳ್ಳೆಯದು. ಅಂಗಡಿಯವ ರೂಢಿಯಂತೆ ಎರಡರಷ್ಟು ಹೇಳಿದ. ಕೊಸ್ಮಸಣ್ಣ ಅಷ್ಟನ್ನೂ ಎಣಿಸಿ ಕೊಟ್ಟರು. ಅಂಗಡಿಯವನಿಗೆ ಸಂಶಯ ಬಂದು ನೋಟುಗಳನ್ನು ಬೆಳಕಿಗೆ ಹಿಡಿದು ನೋಡಿದ.

ಮದುವೆಯ ದಿನ ಇಗರ್ಜಿಯ ಅಂಗಳದಲ್ಲಿ ಯಾರೋ “ವೇಲ್ ಯುರೋಪಿಂದಾ?” ಎಂದು ಕೇಳಿದರು.

“ಅಲ್ಲ, ಮನಾಮದ್ದು. ಹೇಳಿದ ಬೆಲೆ ಕೊಟ್ಟು ತಂದದ್ದು,” ಎಂದರು ಕೊಸ್ಮಸಣ್ಣ, ಎಲ್ಲರಿಗೂ ಕೇಳುವಂತೆ.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ರೀಮಾ ಮಾತ್ರ ನಗಲಿಲ್ಲ. ಬಂದು ಅಪ್ಪನ ಕೈ ಹಿಡಿದುಕೊಂಡಳು.