ಅರ್ಧ ಸಲಿಕೆ ಕಲ್ಲಿದ್ದಲು

ಹಳೇ ಕಬ್ಬಿಣ ಕಂಡರೆ ನನಗೆ ಮೊದಲು ಕಾಣುವುದು ಅದರ ತೂಕ. ಬೇರೆಯವರು ಬಂಗಲೆಯ ಗೇಟಿನ ಹೂಬಳ್ಳಿ ನೋಡಿ ತಲೆದೂಗುತ್ತಿದ್ದರೆ ನಾನು ಅದನ್ನು ಮನಸ್ಸಿನಲ್ಲೇ ತಕ್ಕಡಿಗೆ ಹಾಕಿ ಇಳಿಸಿರುತ್ತೇನೆ. ವಿಠ್ಠಲವಾಡಿ ಸ್ಟೇಷನ್ನಿನ ಹಿಂದಿರುವ ನನ್ನ ಗುಜರಿ ಅಂಗಡಿ ಕಲಿಸಿದ ಬುದ್ಧಿ ಇದು. ನನ್ನೂರಾದ ವಾಡಿ ಜಂಕ್ಷನ್ನಿನಿಂದ ಬರಿಗೈಯಲ್ಲಿ ಬಂದು, ಕಲ್ಯಾಣದ ಗೂಡ್ಸ್ ಯಾರ್ಡಿನಲ್ಲಿ ಮೂಟೆ ಹೊತ್ತು, ಆಮೇಲೆ ಈ ಅಂಗಡಿ ಹಾಕಿದವನು ನಾನು. ಕಾಲ ಮುಗಿದ ವಸ್ತುವಿಗೆ ಅದರ ತೂಕಕ್ಕಿಂತ ಹೆಚ್ಚು ಬೆಲೆ ಯಾರೂ ಕೊಡುವುದಿಲ್ಲ ಎಂದು ನಂಬಿ ಬದುಕಿದವನು.

ಈ ನಂಬಿಕೆಯನ್ನು ಕೆಡಿಸಿದ್ದು ನೇರಳದಿಂದ ಮಾಥೇರಾನ್ ಗುಡ್ಡ ಹತ್ತುತ್ತಿದ್ದ ಪುಟ್ಟ ಉಗಿಬಂಡಿ.

ಡೊಂಬಿವಲಿಯ ಗುಮಾಸ್ತನನ್ನೇ ನೋಡಿ. ವಾರವಿಡೀ ಲೋಕಲ್ ರೈಲಿನ ಬಾಗಿಲಿಗೆ ಜೋತು ಬಿದ್ದು, ಪರರ ಬೆವರು ಒರೆಸಿಕೊಂಡು ಮನೆ ಸೇರುತ್ತಾನೆ. ಭಾನುವಾರ ಬಂದರೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೊರಡುವುದು ಎಲ್ಲಿಗೆ? ಇನ್ನೊಂದು ರೈಲು ಹತ್ತಲಿಕ್ಕೆ! ಅದೂ ನಡೆದು ಹೋಗುವವನು ಮುಂದೆ ದಾಟಿಬಿಡುವಂಥ ರೈಲು. ಕಣ್ಣಿಗೆ ಕಿಡಿ ಬೀಳುತ್ತದೆ, ಅಂಗಿ ಕಪ್ಪಾಗುತ್ತದೆ, ಆದರೂ ಮುದುಕರೂ ಮಕ್ಕಳೂ ಒಂದೇ ಸಮ ಬಾಯಿ ತೆರೆದು ನಿಲ್ಲುತ್ತಾರೆ. ಲೋಕಲ್ಲಿನ ಮುಖವನ್ನು ಇದುವರೆಗೆ ಯಾರಾದರೂ ನೋಡಿದ್ದಾರೆಯೇ? ಅದು ಸದ್ದಿಲ್ಲದೆ ಬರುತ್ತದೆ, ನುಂಗುತ್ತದೆ, ಹೋಗುತ್ತದೆ. ಉಗಿಯ ಎಂಜಿನ್ ಹಾಗಲ್ಲ. ತಿನ್ನುತ್ತದೆ, ಕುಡಿಯುತ್ತದೆ, ಏರು ಬಂದರೆ ಏದುಸಿರು ಬಿಡುತ್ತದೆ, ನಿಂತಾಗಲೂ ಗೊಣಗುತ್ತದೆ. ನಮ್ಮ ಹಾಗೆಯೇ ಕಷ್ಟಪಡುವುದನ್ನು ಕಣ್ಣಾರೆ ನೋಡಬಹುದಾದ ಯಂತ್ರ ಅದೊಂದೇ ಎಂದು ಕಾಣುತ್ತದೆ. ಕಷ್ಟವನ್ನು ಟಿಕೆಟ್ ಕೊಟ್ಟು ನೋಡುವ ಗುಣ ಮನುಷ್ಯನಿಗೆ ಯಾಕೆ ಬಂತೋ ನಾನರಿಯೆ.

ನಮ್ಮ ಅವ್ವನಿಗೆ ಮಾತ್ರ ಆ ಗುಣ ಇರಲಿಲ್ಲ. ಅಪ್ಪ ವಾಡಿಯ ಕಡೆ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದ. ಡ್ರೈವರ್ ಆಗುವ ಆಸೆ ಕಣ್ಣಿನ ಪರೀಕ್ಷೆಯಲ್ಲೇ ಮುಗಿದಿತ್ತು. ಅವನ ಅಂಗಿಗಳನ್ನು ಸೋಡಾ ಹಾಕಿ ಕುದಿಸಿ, ಬಂಡೆಗೆ ಬಡಿದು ಬಡಿದು ಅವ್ವನ ಅಂಗೈ ಸವೆಯಿತು, ಅಂಗಿ ಬಿಳಿಯಾಗಲಿಲ್ಲ. ಎಂಜಿನ್ನನ್ನು ಆಕೆ ‘ಆ ಕರಿ ಸವತಿ’ ಎಂದೇ ಕರೆದು, ಹಾಗೆಯೇ ಬೈಯುತ್ತ ಹೋದಳು. ಜನ ದುಡ್ಡು ಕೊಟ್ಟು ಆ ಹೊಗೆ ಕುಡಿಯಲು ಹೋಗುತ್ತಾರೆಂದು ಹೇಳಿದ್ದರೆ ನನ್ನ ಹಣೆ ಮುಟ್ಟಿ ಜ್ವರ ನೋಡುತ್ತಿದ್ದಳು.

ಅವ್ವ ಹೋದ ಮೇಲೆ ಅಪ್ಪನನ್ನು ಕಲ್ಯಾಣಕ್ಕೆ ಕರೆತಂದೆ. ಆಗಲೇ ಅವನ ಎದೆಯೊಳಗೆ ಒಂದು ಹಳೇ ಎಂಜಿನ್ ಕೂತಿತ್ತು. ಮೆಟ್ಟಿಲು ಹತ್ತಿದರೆ ಸೀಟಿ ಊದುತ್ತಿತ್ತು. ನನ್ನ ಮಗಳು ಸುನಂದಾ ಮರಾಠಿ ಶಾಲೆಯ ಹುಡುಗಿ. ಅಜ್ಜನ ಕನ್ನಡ ಅವಳಿಗೆ ಅರ್ಧ ತಿಳಿಯದು, ಅವಳ ಮರಾಠಿ ಅವನಿಗೆ ಪೂರ್ತಿ ತಿಳಿಯದು. ಆದರೂ ಇಬ್ಬರೂ ಮನೆಮುಂದಿನ ಗ್ಯಾಲರಿಯಲ್ಲಿ ಕೂತರೆ ಹೊತ್ತು ಹೋಗುವುದೇ ಗೊತ್ತಾಗುತ್ತಿರಲಿಲ್ಲ. ಫೈರ್‌ಮನ್‌ಗಳು ಸಲಿಕೆಯನ್ನು ಬಿಸಿನೀರಲ್ಲಿ ತೊಳೆದು, ಬೆಂಕಿಗೆ ಹಿಡಿದು, ಅದರ ಮೇಲೆ ಬದನೆಕಾಯಿ ಸುಟ್ಟು ರೊಟ್ಟಿಗೆ ನೆಂಚಿಕೊಳ್ಳುತ್ತಿದ್ದುದನ್ನು ಅಪ್ಪ ಕೈಯಲ್ಲೇ ಅಭಿನಯಿಸಿ ತೋರಿಸುವನು. ಅವಳು “ಆಜೋಬಾ, ಖರಂಚ? ನಿಜವಾಗ್ಲೂ?” ಎಂದು ಕಣ್ಣರಳಿಸುವಳು.

ಒಂದು ದಿನ ಅಪ್ಪ ನನ್ನೆದುರು ಬಂದು ಕೂತ. “ತಮ್ಮಾ, ನೇರಳದಾಗ ಇನ್ನಾ ಕಲ್ಲಿದ್ದಲ ಗಾಡಿ ಅದ ಅಂತಲ್ಲ. ಅದೂ ಬಂದ್ ಮಾಡ್ತಾರಂತ. ಒಮ್ಮಿ ಹೋಗಿ ಬರಮಿ.”

“ಹೋಗಿ ಏನ್ ಮಾಡ್ತಿ?”

“ಒಂದ್ ಸಲಿಕಿ ಹಾಕ್ತೀನಿ. ಒಂದೇ. ಮತ್ತ ಏನೂ ಕೇಳಲ್ಲ ನಿನಗ.”

“ಡಾಕ್ಟರ್ ಒಲಿ ಹೊಗಿನೇ ಬ್ಯಾಡ ಅಂದಾನ, ನೀ ಎಂಜಿನ್ ಅಂತಿ!”

“ಅಂವಾ ಏನ್ ಎಂಜಿನ್ ನಡಸ್ಯಾನೇನ್?”

ಚೌಕಾಸಿ ಶುರುವಾಯಿತು. ಬರೀ ದೂರದಿಂದ ನೋಡುವುದು ಎಂದೆ. ಕೊನೆಯ ಡಬ್ಬಿಯಲ್ಲಿ, ಮೂಗಿಗೆ ಟವೆಲ್ ಕಟ್ಟಿಕೊಂಡು ಕೂರುವುದು ಎಂದೆ. ಅಪ್ಪ ಎಲ್ಲದಕ್ಕೂ “ಆಯ್ತಪಾ” ಎಂದ. ನಾನಲ್ಲೇ ಎಚ್ಚರಾಗಬೇಕಿತ್ತು. ನಿಮಗೂ ಹೇಳಿಡುತ್ತೇನೆ: ನೀವು ಹೇಳಿದ ಮೊದಲ ದರಕ್ಕೇ ತಲೆಯಾಡಿಸುವ ಗಿರಾಕಿ ಬೇರೇನೋ ಲೆಕ್ಕ ಹಾಕಿಕೊಂಡೇ ಬಂದಿರುತ್ತಾನೆ.

ಸುನಂದಾಳನ್ನೂ ಕರೆದುಕೊಂಡು ಮೂವರೂ ಹೊರಟೆವು. ನೇರಳದಲ್ಲಿ ಎಂಜಿನ್ ನಿಂತಿತ್ತು, ಎಮ್ಮೆ ಗಾತ್ರದ್ದು. ಆಗಲೇ ಕೆಲವು ಗಾಡಿಗಳಿಗೆ ಡೀಸೆಲ್ ಬಂದಿತ್ತು. ನಮ್ಮ ಪಾಲಿಗೆ ಉಗಿಯದೇ ಸಿಕ್ಕಿತು. ಅಪ್ಪ ಅದನ್ನು ನೋಡಿ ನಗಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ ಜೊತೆಗಾರನನ್ನು ನೋಡುವಂತೆ ನೋಡಿದ. ಕೊನೆಯ ಡಬ್ಬಿಯಲ್ಲಿ ಟವೆಲ್ ಕಟ್ಟಿಕೊಂಡು ಸುಮ್ಮನೆ ಕೂತ. ತಿಂಡಿ ಮಾರುವ ಹೆಂಗಸಿನ ಹತ್ತಿರ ಸುನಂದಾಳಿಗೆ ಕಡಲೆ ಕೊಳ್ಳಲು, ಎಂಜಿನ್ ಸೀಟಿ ಊದುವವರೆಗೂ ಕಾದೆ. ಗಾಡಿ ಹೊರಟ ಕೂಡಲೇ ದರ ಇಳಿಯುತ್ತದೆ. ನೀವು ಹೋದಾಗಲೂ ಹೀಗೇ ಮಾಡಿ.

ಗುಡ್ಡದ ನಡುವೆ ಒಂದು ಪುಟ್ಟ ಸ್ಟೇಷನ್. ಅದರ ಹೆಸರೇ ವಾಟರ್ ಪೈಪ್. ಎಂಜಿನ್ ಅಲ್ಲಿ ನೀರು ಕುಡಿಯುತ್ತಿತ್ತು. ಜನರೆಲ್ಲ ಇಳಿದು ಕೈಕಾಲು ಆಡಿಸುವುದು ವಾಡಿಕೆ. ಕೋತಿಯಿಂದ ಸುನಂದಾಳ ಕಡಲೆ ಕಾಪಾಡುವುದರಲ್ಲಿ ನಾನಿದ್ದೆ. ತಿರುಗಿ ನೋಡಿದರೆ ಅಪ್ಪನ ಸೀಟಿನ ಮೇಲೆ ಟವೆಲ್ ಮಾತ್ರ ಇತ್ತು.

ಮಗಳ ಕೈಹಿಡಿದು ಮುಂದಕ್ಕೆ ಓಡಿದೆ. ಅಪ್ಪ ಎಂಜಿನ್ನಿನ ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದ. ತನಗೆ ಬಂದ ಹಿಂದಿಯಲ್ಲಿ ಡ್ರೈವರನಿಗೆ ಏನೋ ಹೇಳುತ್ತಿದ್ದ. ನಡುವೆ ಕೆಮ್ಮು ಬಂತು. ಬಾಗಿ, ತೊಡೆ ಹಿಡಿದುಕೊಂಡು ಕೆಮ್ಮಿದ. ಆಗ ಮೇಲಿನಿಂದ ಡ್ರೈವರನೂ ಕೆಮ್ಮಿದ. ಅದೇ ಕೆಮ್ಮು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಊರು ಯಾವುದು, ಕೆಲಸ ಯಾವುದು ಎಂದು ಆಮೇಲೆ ಕೇಳುವುದೇ ಬೇಕಾಗಲಿಲ್ಲ.

ಡ್ರೈವರ್ ನನ್ನತ್ತ ತಿರುಗಿದ. “ಬೇಟಾ ಹೋ ನಾ? ಬೋಲೋ, ದೂಂ ಕ್ಯಾ?” ಮಗ ಹೇಳಿದರೆ ಸಲಿಕೆ ಕೊಡುತ್ತೇನೆ ಎಂದು ಅವನ ಮಾತು.

ಅಪ್ಪ ನನ್ನ ಮುಖ ನೋಡಿದ. ಜೀವಮಾನದಲ್ಲಿ ಅವನು ನನ್ನಿಂದ ಏನನ್ನಾದರೂ ಬೇಡಿದ್ದು ಅದೊಂದನ್ನೇ. ಒಂದು ಕಡೆ ಡಾಕ್ಟರು, ಒಂದು ಕಡೆ ಸತ್ತ ಅವ್ವ, ನಡುವೆ ಆ ತೆರೆದ ಬೆಂಕಿಯ ಬಾಯಿ. ನನ್ನ ನಾಲಿಗೆಗೆ ಗೊತ್ತಿದ್ದುದು ಒಂದೇ ವಿದ್ಯೆ.

“ಅರ್ಧ ಸಲಿಕಿ,” ಎಂದೆ.

ಅಪ್ಪ ಮೊದಲ ಸಲ ನಕ್ಕ. “ಇದರಾಗೂ ಕಡಿಮಿ ಮಾಡ್ತಿಯಲ್ಲೋ ಮಗನೇ!”

ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಸಲಿಕೆ ಹಿಡಿದ. ಹಳೆಯ ಕೆಲಸ ಸೊಂಟಕ್ಕೆ ನೆನಪಿತ್ತು. ಅದು ತನ್ನ ಪಾಡಿಗೆ ತಾನೇ ತಿರುಗಿತು. ಅರ್ಧ ಸಲಿಕೆ ಕಲ್ಲಿದ್ದಲು ಒಳಗೆ ಹರಡಿಕೊಂಡಿತು. ಸಲಿಕೆಯ ತುದಿಯಿಂದ ಬಾಗಿಲಿಗೆ ಟಣ್ಣೆಂದು ತಟ್ಟಿ ಇಳಿದ. ತುಂಬಿದ ಸಲಿಕೆಯನ್ನು ಅವನು ಎತ್ತಲಾರದವನಾಗಿದ್ದ. ಅದು ಅವನಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಉಳಿದ ದಾರಿಯುದ್ದಕ್ಕೂ ಅವನು ಕೆಮ್ಮಿದ, ಸುನಂದಾ ಬೆನ್ನು ತಿಕ್ಕಿದಳು.

ಮುಂದಿನ ಮಳೆಗಾಲ ಅವನು ದಾಟಲಿಲ್ಲ. ಆ ಅರ್ಧ ಸಲಿಕೆಯಿಂದ ಹೀಗಾಯಿತೇ ಎಂದು ಡಾಕ್ಟರನ್ನು ಕೇಳಿದೆ. ಅದಕ್ಕಿಂತ ಮುಂಚೆ ಹಾಕಿದ್ದರಿಂದ ಎಂದರು. ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಈಗ ಆ ಗುಡ್ಡದ ಮೇಲೆ ಬರೀ ಡೀಸೆಲ್. ಹಳೇ ಎಂಜಿನ್ನೊಂದನ್ನು ತೊಳೆದು ಬಣ್ಣ ಬಳಿದು ನೋಡುವವರಿಗಾಗಿ ನಿಲ್ಲಿಸುತ್ತಾರಂತೆ. ನನ್ನ ಅಂಗಡಿಗೆ ಬಂದಿದ್ದರೆ ಒಂದು ದಿನದಲ್ಲಿ ಕತ್ತರಿಸಿ ತೂಕಕ್ಕೆ ಹಾಕಿಬಿಡುತ್ತಿದ್ದೆ. ಬರಲಿಲ್ಲವಲ್ಲ ಎಂದು ಖುಷಿಪಟ್ಟ ಗುಜರಿ ವ್ಯಾಪಾರಿ ನಾನೊಬ್ಬನೇ ಇರಬೇಕು.

ಸುನಂದಾ ಈಗ ಕಾಲೇಜಿಗೆ ಹೋಗುತ್ತಾಳೆ. ಗೆಳತಿಯರು ಮನೆಗೆ ಬಂದಾಗ ಅಜ್ಜನ ಫೋಟೋ ತೋರಿಸಿ ಮರಾಠಿಯಲ್ಲಿ ಹೇಳುತ್ತಾಳೆ: ಇವರು ನಮ್ಮ ಆಜೋಬಾ, ಎಂಜಿನ್ ಡ್ರೈವರ್, ಮಾಥೇರಾನಿನ ಗಾಡಿಯನ್ನು ವಾಟರ್ ಪೈಪಿನಿಂದ ಮೇಲಿನವರೆಗೂ ಇವರೇ ಓಡಿಸಿದ್ದು, ನಾನು ಕಣ್ಣಾರೆ ನೋಡಿದ್ದೇನೆ. ಗೆಳತಿಯರು ಖಾತ್ರಿಗಾಗಿ ನನ್ನ ಕಡೆ ತಿರುಗುತ್ತಾರೆ.

ನಾನು ಹೌದೆನ್ನುತ್ತೇನೆ. ಅದೊಂದರಲ್ಲಿ ಕಡಿಮೆ ಮಾಡು ಎಂದು ನಾನು ಕೇಳುವುದಿಲ್ಲ.