ಚಾಂದ್ ಬಿ ಕಂಡ ಎಡಗೈ ಕೊಲೆಗಾರ

ಸಾವಿರದ ಒಂಬೈನೂರ ಐವತ್ತೆಂಟರ ಫೆಬ್ರವರಿಯ ಒಂದು ಬುಧವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಚಾಂದ್ ಬಿ ಸಿರಾದ ಒಂದು ಜಗುಲಿಯ ಮೇಲೆ ಕುಳಿತು ಈಶ್ವರಮ್ಮನ ಬಲಗೈಯನ್ನು ಹಿಂಡುತ್ತ, ಹಸಿರು ಗಾಜಿನ ಬಳೆಯೊಂದನ್ನು ಗೆಣ್ಣು ದಾಟಿಸುತ್ತಿದ್ದಳು. ಹೊತ್ತಿನ ಬಗ್ಗೆ ಅನುಮಾನ ಬೇಡ. ತುಮಕೂರಿನ ಬಸ್ಸು ಆಗಷ್ಟೇ ಹಾರನ್ ಮಾಡಿ ಹೊರಟಿತ್ತು. ಆ ಬಸ್ಸು ಮಾತ್ರ ವೇಳೆ ತಪ್ಪಿದ್ದನ್ನು ಯಾರೂ ಕಂಡವರಿಲ್ಲ.

ಅವಳ ಕೈ ಬಳೆಯ ಮೇಲಿತ್ತು, ಮನಸ್ಸು ಬೇರೆಡೆ ಇತ್ತು.

"ಕಣ್ಣಾರೆ ನೋಡ್ದೆ ಕಣಮ್ಮ! ಆ ಕುದುರೆಯೋನೇ ಖೂನಿ ಮಾಡ್ದೋನು. ಪಾಪ, ಏನೂ ಅರೀದ ಹೋಟ್ಲು ಯಜಮಾನನ್ನ ಹಗ್ಗ ಹಾಕಿ ಎಳ್ಕೊಂಡೋದ. ಗಂಡಸ್ರು ಚಪ್ಪಾಳೆ ತಟ್ಟುದ್ರು. ಚಪ್ಪಾಳೆ!"

"ಅಯ್ಯಯ್ಯೋ, ಮೆಲ್ಲಗೆ ಚಾಂದಕ್ಕ! ಆ ಖೂನಿಗೂ ನನ್ ಕೈಗೂ ಏನ್ ಸಂಬಂಧ? ನನ್ ಮೂಳೆ ಯಾಕೆ ಮುರೀತೀಯ?"

ಚಾಂದ್ ಬಿಗೆ ಆಗ ನಲವತ್ತೆರಡು ವರ್ಷ. ತಾಯಿಯಿಂದ ಕಲಿತ ಕಸುಬು. ಬಳೆಯ ಬುಟ್ಟಿ ತಲೆಯ ಮೇಲೆ ಹೊತ್ತು ಸಿರಾದ ಕೇರಿಗಳಿಗೂ ಕಳ್ಳಂಬೆಳ್ಳದ ಕಡೆಯ ಹಳ್ಳಿಗಳಿಗೂ ಹೋಗುತ್ತಿದ್ದಳು. ಎಲ್ಲ ಜಾತಿಯ ಅಡುಗೆಮನೆಯ ಬಾಗಿಲವರೆಗೆ ಅವಳಿಗೆ ದಾರಿ ಇತ್ತು. ಗಂಡ ಬಾಷಾ ಸಾಬ್ ಪಾತ್ರೆಗೆ ಕಲಾಯಿ ಹಾಕುವವನು. ಚಾಂದ್ ಬಿಯ ಕೈಯಲ್ಲಿ ಬಳೆ ಒಡೆಯುವುದಿಲ್ಲ, ಬಾಯಲ್ಲಿ ಸುದ್ದಿ ನಿಲ್ಲುವುದಿಲ್ಲ ಎಂದು ಊರಿನ ಹೆಂಗಸರು ಹೇಳುತ್ತಿದ್ದರು. ಎರಡೂ ಮಾತು ನಿಜ.

ಹಿಂದಿನ ಸಂಜೆ ನಡೆದದ್ದು ಇಷ್ಟು. ರುದ್ರಯ್ಯನೆಂಬುವನು ಸಿರಾ ಕೆರೆಯ ಈಚೆಯ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಗುಡಾರ ಹಾಕಿದ್ದ. ಹಿಂದಿನ ವರ್ಷ ಹೆಂಗಸರಿಗೆ ಗುಡಾರದ ಪಕ್ಕದಲ್ಲಿ ಒಂದು ಮೂಲೆ ಕೊಟ್ಟಿದ್ದ. ಗೋಷಾ ಮನೆತನದವರು ಅಲ್ಲಿಗೆ ಬರಲು ಒಪ್ಪಿರಲಿಲ್ಲ. ಈ ವರ್ಷ ಅವನು ಹೊಸ ಉಪಾಯ ಮಾಡಿದ. ಚಿತ್ರ ಬೀಳುವ ತೆರೆ ತೆಳುವಾದ ಬಿಳಿ ಬಟ್ಟೆ. ಅದಕ್ಕೆ ನೀರು ಚಿಮುಕಿಸಿದರೆ ಚಿತ್ರ ಹಿಂದಕ್ಕೂ ಚೆನ್ನಾಗಿ ಮೂಡುತ್ತದೆ. ಆದ್ದರಿಂದ ಗಂಡಸರನ್ನು ತೆರೆಯ ಮುಂದೆ ಕೂರಿಸಿದ, ಹೆಂಗಸರನ್ನು ತೆರೆಯ ಹಿಂದೆ. ಒಬ್ಬರಿಗೊಬ್ಬರು ಕಾಣುವಂತಿಲ್ಲ, ಚಿತ್ರ ಮಾತ್ರ ಇಬ್ಬರಿಗೂ. ಮೊದಲ ದಿನ ತುಂಬಿದ ಹೆಂಗಸರನ್ನು ಕಂಡು ರುದ್ರಯ್ಯ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಆ ವಾರದ್ದು ಇಂಗ್ಲಿಷ್ ಚಿತ್ರ. ಕುದುರೆ, ಧೂಳು, ಬಂದೂಕು. ಇಂಗ್ಲಿಷ್ ಬಲ್ಲವರು ಗುಡಾರದಲ್ಲಿ ಇರಲಿಲ್ಲ. ಅದಕ್ಕಾಗಿಯೇ ಕೊರಟಗೆರೆಯ ಬಸವಲಿಂಗಯ್ಯ ಇದ್ದ. ಅವನು ಮೊದಲು ಬಯಲಾಟದಲ್ಲಿ ಹಾಡುತ್ತಿದ್ದವನು. ಈಗ ತೆರೆಯ ಅಂಚಿನಲ್ಲಿ ಕೋಲು ಹಿಡಿದು ನಿಂತು, ಎರಡೂ ಕಡೆಗೆ ಕೇಳುವಂತೆ ಕಥೆ ಹೇಳುತ್ತಿದ್ದ.

"ಕೇಳ್ರಪ್ಪಾ, ಕೇಳ್ರಮ್ಮಾ! ಇದು ಗಡಿ ಸೀಮೆ. ನಮ್ಮ ಪಾವಗಡದ ಆಚೆ ಇದ್ದಂಗೆ. ಈ ಕಡೆ ಪೊಲೀಸು ಆ ಕಡೆಗೆ ಹೋಗಂಗಿಲ್ಲ, ಆ ಕಡೆಯೋನು ಈ ಕಡೆಗೆ ಬರಂಗಿಲ್ಲ. ಈ ಕುದುರೆಯೋನ ತಮ್ಮನ್ನ ಇದೇ ಊರಲ್ಲಿ ಯಾರೋ ಕೊಂದವ್ರೆ. ತಮ್ಮ ಸಾಯ್ತಾ ಒಂದೇ ಮಾತು ಹೇಳವ್ನೆ: ಕೊಂದೋನು ಎಡಚ! ನೆನಪಿಟ್ಕಳಿ, ಎಡಚ!"

ತೆರೆಯ ಹಿಂದಿನ ಹೆಂಗಸರು ನೆನಪಿಟ್ಟುಕೊಂಡರು. ಊರಿನವರೆಲ್ಲ ಕೂಡಿ, ವಿಚಾರಿಸದೆ, ಒಬ್ಬ ಬಡ ಕುರಿಗಾಹಿಯನ್ನು ಮರಕ್ಕೆ ನೇತುಹಾಕಲು ಹೊರಟಾಗ ಕಣ್ಣೀರು ಹಾಕಿದರು. ಕುದುರೆಯವನು ಅಡ್ಡ ಬಂದು ಬಂದೂಕು ಎಳೆದ. ಆಗ ಚಾಂದ್ ಬಿ ಪಕ್ಕದವಳ ತೊಡೆ ಚಿವುಟಿದಳು. ಅವನು ಎಳೆದದ್ದು ಎಡಗೈಯಲ್ಲಿ!

ಊಟಕ್ಕೆ ಕೂತಾಗಲೂ ಅವನು ತಿಂದದ್ದು ಎಡಗೈಯಲ್ಲೇ. "ತೋಬಾ, ಪರಂಗಿಯೋರು ಉಣ್ಣೋದೇ ಹಂಗೆ, ಬುಡು" ಎಂದು ಹೆಂಗಸರು ಅದನ್ನು ಮನ್ನಿಸಿದರು. ಬಂದೂಕನ್ನು ಮನ್ನಿಸಲಿಲ್ಲ. ಹೋಟೆಲಿನ ಯಜಮಾನನಾದರೋ ನಗುಮುಖದವನು. ಕೊನೆಗೆ ಗುಂಡು ಹಾರಿಸಿದ್ದು ಬಲಗೈಯಲ್ಲಿ. ಅಂಥವನನ್ನು ಕುದುರೆಯವನು ಕಟ್ಟಿ ಎಳೆದೊಯ್ಯುವಾಗ ಬಸವಲಿಂಗಯ್ಯ, "ಸಿಕ್ಕಿಬಿದ್ದ ನೋಡ್ರಪ್ಪ ಎಡಚ! ಧರ್ಮ ಗೆದ್ದಿತು!" ಎಂದು ಕೋಲು ಎತ್ತಿದ.

"ಸುಳ್ಳು!" ಎಂದು ತೆರೆಯ ಹಿಂದಿನಿಂದ ಚಾಂದ್ ಬಿ ಕೂಗಿದಳು.

ಮನೆಯಲ್ಲಿ ಬಾಷಾ ಸಾಬ್ ಹೊಟ್ಟೆ ಹಿಡಿದು ನಕ್ಕ. "ಹೋಟ್ಲಿನವನೇ ಎಡಚ. ಮುಂದಿನ ಸಾಲಲ್ಲಿ ಕೂತು ನೋಡಿದೀನಿ."

"ನೀವು ಬೀಡಿ ಹಚ್ತಾ ಇದ್ದಿರಿ."

"ಬೀಡಿ ಹಚ್ಚೋದು ಬಾಯಿಗೆ. ಕಣ್ಣಿಗೇನಾಗಿತ್ತು?"

"ಹೊಗೆ ತುಂಬಿತ್ತು!"

ಆ ರಾತ್ರಿ ಸಿರಾದ ಎಷ್ಟು ಮನೆಗಳಲ್ಲಿ ಇದೇ ಜಗಳ ನಡೆಯಿತೋ ಹೇಳುವುದು ಕಷ್ಟ. ಬುಧವಾರ ಸಂಜೆಯ ಹೊತ್ತಿಗೆ ಮಾತ್ರ ಒಂದು ತೀರ್ಮಾನ ಊರೆಲ್ಲ ಹರಡಿತ್ತು. ಕಥೆ ಹೇಳುವವನು ಸುಳ್ಳ, ಗಂಡಸರನ್ನು ಮೆಚ್ಚಿಸಲು ಕೊಲೆಗಾರನನ್ನೇ ಬದಲಾಯಿಸಿಬಿಟ್ಟ. ತೀರ್ಮಾನವನ್ನು ಹೊತ್ತು ತಿರುಗಿದ್ದು ಚಾಂದ್ ಬಿಯ ಬುಟ್ಟಿ.

ಗುರುವಾರ ತೆರೆಯ ಹಿಂದೆ ಒಬ್ಬ ಹೆಂಗಸೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಚಾಂದ್ ಬಿ ಬುಟ್ಟಿ ಎತ್ತುವ ಹೊತ್ತಿಗೆ ಬಸವಲಿಂಗಯ್ಯ ಅವಳ ಮನೆಯ ಬಾಗಿಲಿಗೆ ಬಂದ. ಜಗಳಕ್ಕೆ ಬಂದಿದ್ದಾನೆಂದು ಅವಳು ಸೆರಗು ಬಿಗಿದಳು. ಅವನು ಜಗಳ ಮಾಡಲಿಲ್ಲ.

"ಅಕ್ಕಾ, ಭಾನುವಾರ ಟೆಂಟು ಮಧುಗಿರಿಗೆ ಹೊರಡ್ತದೆ. ರುದ್ರಯ್ಯನೋರು ನನ್ನ ಕರ್ಕೊಂಡು ಹೋಗಕಿಲ್ಲ ಅಂದವ್ರೆ. ಹೆಂಗಸ್ರು ನಂಬದ ಕಥೆಗಾರ ಬೇಡವಂತೆ. ಹೋಗ್ಲಿ, ನಂಗೆ ಒಂದು ಮಾತು ತಿಳೀಬೇಕು. ನಾನು ಹೇಳಿದ್ರಲ್ಲಿ ಯಾವುದು ಸುಳ್ಳು?"

"ನಿಮ್ಮ ಮಾತು ಸುಳ್ಳಲ್ಲ ಅಂದ್ರೆ ನನ್ನ ಕಣ್ಣು ಸುಳ್ಳಾ ಬಸವಲಿಂಗಪ್ಪಾ?"

ಅವನು ಜಗುಲಿಯ ಮೇಲೆ ಕುಳಿತ. ಬಾಷಾ ಸಾಬ್ ಕೊಟ್ಟ ನೀರು ಕುಡಿದು ಎದ್ದು ನೆಟ್ಟಗೆ ನಡೆದು ಹೋದ. ಸುಳ್ಳನ ಬೆನ್ನು ಹಾಗಿರುವುದಿಲ್ಲ ಎಂದು ಚಾಂದ್ ಬಿಗೆ ಅನ್ನಿಸಿತು. ಮರದ ಕೆಳಗೆ ನಿಂತ ಕುರಿಗಾಹಿ ನೆನಪಾದ. ಇಲ್ಲೂ ಒಬ್ಬಳು ಹೇಳಿದಳು, ಊರು ನಂಬಿತು, ಹಗ್ಗ ಸಿದ್ಧವಾಯಿತು. ಆದರೆ ಕಣ್ಣು ಕಂಡದ್ದನ್ನು ಇಲ್ಲವೆನ್ನುವುದು ಹೇಗೆ?

ಆ ದಿನ ಮೊದಲ ಮನೆ ರಾಮಾಂಜಿನಮ್ಮನದು. ಪಾವಗಡದ ಕಡೆಯಿಂದ ಬಂದವಳು, ಮಾತಿಗೆ ಮೊದಲು ತೆಲುಗು ಬರುತ್ತಿತ್ತು. ಮಗಳು ಸರ್ವಮಂಗಳಾಳಿಗೆ ಮದುವೆ ಮಾತು ನಡೆದಿತ್ತು. ಚಾಂದ್ ಬಿ ಹುಡುಗಿಯ ಬಲಗೈಗೆ ಬಳೆ ಏರಿಸಿದಳು, ಸಲೀಸಾಗಿ ಹೋಯಿತು. ಅದೇ ಅಳತೆಯ ಬಳೆ ಎಡಗೈಯ ಗೆಣ್ಣಿನ ಹತ್ತಿರ ನಿಂತುಬಿಟ್ಟಿತು.

"ನೀನು ಎಡಚಿ ಅಲ್ವೇನೇ?"

"ಅಮ್ಮಮ್ಮ! ಮೆಲ್ಲಗೆ ಚಾಂದಮ್ಮ!" ರಾಮಾಂಜಿನಮ್ಮ ಬಾಗಿಲ ಕಡೆ ನೋಡಿದಳು. "ಹೆಣ್ಣು ನೋಡೋರು ಬರ್ತಾವ್ರೆ. ಚಿಕ್ಕೋಳಿದ್ದಾಗ್ಲೇ ಹೊಡ್ದು ಹೊಡ್ದು ಬಲಗೈಯಲ್ಲಿ ಉಣ್ಣೋದು ಕಲಿಸಿದೀನಿ."

"ನೀ ಹೊಡುದ್ರೆ ಮೂಳೆ ಕೇಳ್ತದಾ? ಯಾವ ಕೈ ದುಡೀತದೋ ಆ ಕೈ ದಪ್ಪ. ಇದೇನು ದೋಷ ಅಲ್ಲ ಕಣಮ್ಮ, ನೂರು ಜನಕ್ಕೆ ಏಳೋ ಎಂಟೋ ಇಂಥ ಕೈ ಸಿಗ್ತವೆ. ಅದಕ್ಕಿಂತ ಜಾಸ್ತಿ ನಾನಂತೂ..."

ಸರ್ವಮಂಗಳಾಳ ಕೈ ಅವಳ ಕೈಯಲ್ಲೇ ಉಳಿಯಿತು.

ಚಿತ್ರದ ಊರಿನ ಕಮ್ಮಾರ ಸುತ್ತಿಗೆ ಎತ್ತಿದ್ದು ಯಾವ ಕೈಯಲ್ಲಿ? ಎಡಗೈಯಲ್ಲಿ. ಹಿಟ್ಟು ಲಟ್ಟಿಸಿದ ಮುದುಕಿ? ಎಡಗೈಯಲ್ಲೇ ಬಲ ಹಾಕುತ್ತಿದ್ದಳು. ಕ್ಷೌರದವನ ಕತ್ತಿ, ಜಡ್ಜಿಯ ಲೇಖನಿ, ನೀರು ಸೇದಿದ ಹುಡುಗಿ, ಎಲ್ಲವೂ ಎಲ್ಲರೂ ಎಡ. ಬಲಗೈಯವನು ಹೋಟೆಲಿನವನೊಬ್ಬನೇ. ಪರಂಗಿಯವರು ಎಡಗೈಯಲ್ಲಿ ಉಣ್ಣಲಿ; ಅಲ್ಲಾ ಒಂದು ಇಡೀ ಊರನ್ನು ಎಡಚರಿಂದಲೇ ತುಂಬುವುದು ಸಾಧ್ಯವೇ?

"ಮಂಗಳಾ, ಆ ಬಟ್ಟೆ ಎತ್ತಿ ಹಿಡಿ" ಎಂದಳು. ಅವಳ ಬುಟ್ಟಿಗೆ ಮುಚ್ಚುತ್ತಿದ್ದ ತೆಳು ಬಟ್ಟೆಯ ಮೇಲೆ ಒಂದು ಗಿಳಿಯ ಅಚ್ಚು ಇತ್ತು. ಹುಡುಗಿ ಅದನ್ನು ಬಿಸಿಲಿಗೆ ಅಡ್ಡ ಹಿಡಿದಳು. ಚಾಂದ್ ಬಿ ಮುಂದೆ ನಿಂತು ನೋಡಿದಳು: ಗಿಳಿಯ ಕೊಕ್ಕು ತನ್ನ ಬಲಗೈ ಕಡೆಗೆ. ಸುತ್ತಿ ಹಿಂದೆ ಹೋಗಿ ನೋಡಿದಳು: ಅದೇ ಗಿಳಿ, ಅದೇ ಕೊಕ್ಕು, ತನ್ನ ಎಡಗೈ ಕಡೆಗೆ. ಮತ್ತೆ ಮುಂದೆ ಬಂದಳು. ಮತ್ತೆ ಹಿಂದೆ ಹೋದಳು.

"ಏಮಾಯ್ತಮ್ಮಾ ಈವಮ್ಮನಿಗೆ?" ಎಂದಳು ರಾಮಾಂಜಿನಮ್ಮ. "ಬಟ್ಟೆಗೆ ಪ್ರದಕ್ಷಿಣೆ ಹಾಕ್ತಾವ್ಳೆ!"

ಚಾಂದ್ ಬಿ ನಗತೊಡಗಿದಳು. ನಗುತ್ತಲೇ ಬಟ್ಟೆ ಕಿತ್ತುಕೊಂಡು, ಬುಟ್ಟಿಯನ್ನು ಅಲ್ಲೇ ಬಿಟ್ಟು, ಗುಡಾರದ ಕಡೆ ಓಡಿದಳು. ಬುಟ್ಟಿಯಿಲ್ಲದೆ ಅವಳು ಬೀದಿಯಲ್ಲಿ ಹೋದದ್ದನ್ನು ಜನ ಅಂದೇ ಮೊದಲು ಕಂಡದ್ದು.

ರುದ್ರಯ್ಯ ಮುದ್ದೆ ಮುರಿಯುತ್ತಿದ್ದ. ಅವನ ತಟ್ಟೆಯ ಮೇಲೆಯೇ ಗಿಳಿಯ ಬಟ್ಟೆ ಹಿಡಿದು ಹಿಂದುಮುಂದು ತೋರಿಸಿದಳು. ಮೂರನೆಯ ಸಲಕ್ಕೆ ಅವನಿಗೆ ಅರ್ಥವಾಯಿತು. ಕೈಯಲ್ಲಿದ್ದ ತುತ್ತು ಸಾರಿಗೆ ಬಿತ್ತು.

"ಅಲ್ಲಮ್ಮ, ನಾನೇ ಕಟ್ಟಿದ ತೆರೆ, ನಂಗೇ ಹೊಳೀಲಿಲ್ಲವಲ್ಲ!"

"ನೀವು ಒಂದು ದಿನಾನಾದ್ರೂ ಹಿಂದೆ ಕೂತಿದ್ರೆ ತಾನೆ? ಬಸವಲಿಂಗಪ್ಪಂದು ತಪ್ಪಿಲ್ಲ. ಅವ್ರನ್ನ ಬುಡಬ್ಯಾಡಿ."

"ಆಯ್ತು. ನೀನೇ ಹೋಗಿ ಹೆಂಗಸ್ರಿಗೆ ಹೇಳ್ಬುಡು."

"ಹೇಳಿದ್ದೇ ಅಲ್ವಾ ಕೆಟ್ಟಿದ್ದು? ಕಣ್ಣು ಮಾಡಿದ ತಪ್ಪನ್ನ ಕಣ್ಣೇ ತಿದ್ಬೇಕು. ನಾಳೆ ನಮ್ಮನ್ನ ಮುಂದೆ ಕೂರ್ಸಿ."

"ಗಂಡಸ್ರನ್ನ?"

"ಹಿಂದೆ. ಅಡ್ಡ ಅದೇ ತೆರೆ ಇರ್ತದಲ್ಲ, ಗೋಷಾಕ್ಕೆ ಏನೂ ತೊಂದ್ರೆ ಇಲ್ಲ."

ರುದ್ರಯ್ಯ ತಲೆ ಕೆರೆದುಕೊಂಡ. ಕೊನೆಗೆ ಒಂದು ಷರತ್ತು ಹಾಕಿದ: ಶನಿವಾರ ಹೆಂಗಸರ ಕಡೆ ತುಂಬಬೇಕು, ತುಂಬಿದವರು ಬಸವಲಿಂಗಯ್ಯನ ಕಥೆಯನ್ನು ಒಪ್ಪಬೇಕು. ಒಪ್ಪಿದರೆ ಅವನು ಮಧುಗಿರಿಗೆ, ಇಲ್ಲವಾದರೆ ಕೊರಟಗೆರೆಗೆ.

ಶನಿವಾರ ಬೆಳಗಿನಿಂದ ಚಾಂದ್ ಬಿ ಬುಧವಾರ ತಿರುಗಿದ ಮನೆಗಳಿಗೆಲ್ಲ ಮತ್ತೆ ಹೋದಳು. ಹೋದಲ್ಲೆಲ್ಲ ನಗು ಕಾದಿತ್ತು. "ಏನ್ ಚಾಂದಕ್ಕ, ಖೂನಿ ಮಾಡ್ದೋನು ಬದಲಾದ್ನಾ? ಇನ್ನೊಂದು ದಿನ ಕಾದ್ರೆ ಕುದುರೇನೇ ಮಾಡ್ತು ಅಂತೀಯ!" ಎಂದಳು ಈಶ್ವರಮ್ಮ.

"ಅನ್ನು, ಅನ್ನು. ಸಂಜೆ ಬಂದು ಮುಂದೆ ಕೂತ್ಕೊಂಡು ಅನ್ನು."

"ಮುಂದೆಯಾ?" ಈಶ್ವರಮ್ಮನ ನಗು ನಿಂತಿತು. "ಗಂಡಸ್ರ ಜಾಗದಾಗಾ? ಹಂಗಾದ್ರೆ ನಮ್ಮತ್ತೇನೂ ಕರ್ಕೊಂಡ್ ಬತ್ತೀನಿ."

ಕೊಲೆಗಾರ ಯಾರೆಂಬುದಕ್ಕಿಂತ ಆ ಜಾಗವೇ ಹೆಚ್ಚು ಜನರನ್ನು ಎಳೆಯಿತು. ಸಂಜೆ ಆರೂ ಮುಕ್ಕಾಲಿಗೆ ಕೂರಲು ಹಾಸಿದ ಮುಂದಿನ ಮರಳು ಕಾಣದಷ್ಟು ಹೆಂಗಸರು. ಗಂಡಸರು ಗೊಣಗುತ್ತ ತೆರೆಯ ಹಿಂದಕ್ಕೆ ಸರಿದರು. ಕಳ್ಳಂಬೆಳ್ಳದಿಂದ ಗಾಡಿ ಕಟ್ಟಿಕೊಂಡು ಮೊದಲ ಸಲ ಬಂದಿದ್ದವರೂ ಅಲ್ಲಿದ್ದರು. ಬಸವಲಿಂಗಯ್ಯ ಕೋಲು ಹಿಡಿದು ತೆರೆಯ ಅಂಚಿನಲ್ಲಿ ನಿಂತ.

ಕುರಿಗಾಹಿಯನ್ನು ಮರದ ಕೆಳಗೆ ತಂದರು. ಕುದುರೆಯವನು ಅಡ್ಡ ಬಂದ. ಬಂದೂಕು ಎಳೆದ. ಬಲಗೈಯಲ್ಲಿ.

"ಹಾ!" ಎಂದಿತು ಮುಂದಿನ ಸಾಲು. "ಬಲ ಕಣೇ! ಬಲ!"

ಅದೇ ಕ್ಷಣಕ್ಕೆ ತೆರೆಯ ಹಿಂದೆ ಗದ್ದಲವೆದ್ದಿತು. "ಲೇ ಕಥೆಯೋನೇ! ಯಾರಿಗೆ ಹೇಳ್ತೀಯ ಸುಳ್ಳ? ಕುದುರೆಯೋನೇ ಎಡಚ ಕಣ್ಲಾ! ನಾವೇನು ಕುರುಡರಾ?" ಕಳ್ಳಂಬೆಳ್ಳದವರ ದನಿ ಅದು. ಮುಂದೆ ಕುಳಿತ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಗದ್ದಲದ ನಡುವೆ ಚಾಂದ್ ಬಿಗೆ ಒಂದು ಪರಿಚಿತ ದನಿ ಕೇಳಿತು. "ಯಾ ಅಲ್ಲಾ, ಮೊನ್ನೆ ಬಲ ಇದ್ದೋರೆಲ್ಲ ಇವತ್ತು ಎಡಚರಾಗವ್ರಲ್ಲ!"

"ಬೀಡಿ ಹಚ್ಕೊಂಡು ನೋಡಿ!" ಎಂದು ಅವಳು ಕೂಗಿದಳು. "ಸರಿಹೋಯ್ತದೆ!"

ಭಾನುವಾರ ಗುಡಾರ ಕಿತ್ತು ಗಾಡಿಗಳ ಮೇಲೆ ಹೇರಿದರು. ಮೊದಲ ಗಾಡಿಯಲ್ಲಿ, ಸುತ್ತಿದ ತೆರೆಯ ಮೇಲೆ, ಬಸವಲಿಂಗಯ್ಯ ಕುಳಿತಿದ್ದ. ಮುಂದಿನ ವರ್ಷದಿಂದ ಸಿರಾದಲ್ಲಿ ತೆರೆಯ ಹಿಂದೆ ಯಾರನ್ನೂ ಕೂರಿಸಲಿಲ್ಲ. ಮುಂದಿನ ಮರಳನ್ನೇ ಉದ್ದಕ್ಕೆ ಒಂದು ಪರದೆಯಿಂದ ಎರಡು ಮಾಡಿ ಅರ್ಧ ಹೆಂಗಸರಿಗೆ ಕೊಟ್ಟರು. ಚಾಂದ್ ಬಿ ಅರವತ್ತೇಳನೆಯ ಇಸವಿಯವರೆಗೆ ಬುಟ್ಟಿ ಹೊತ್ತಳು. ಸುದ್ದಿ ಹೊರುವುದನ್ನು ನಿಲ್ಲಿಸಲಿಲ್ಲ, ಆದರೆ ಯಾರ ಮೇಲಾದರೂ ದೂರು ಬಂದರೆ, "ನೀ ಯಾವ ಕಡೆ ಕೂತು ನೋಡ್ದೆ?" ಎಂದು ಮೊದಲು ಕೇಳುತ್ತಿದ್ದಳು. ಸರ್ವಮಂಗಳಾಳ ಮದುವೆಗೆ ಅವಳೇ ಬಳೆ ತೊಡಿಸಿದಳು, ಎಡಗೈಗೆ ಒಂದು ಅಳತೆ ದೊಡ್ಡದು. ಬೀಗರಿಗೆ ಗೊತ್ತಾಗಲಿಲ್ಲ.

ಬಸವಲಿಂಗಯ್ಯ ಆ ಚಿತ್ರವನ್ನು ಮಧುಗಿರಿ, ದೊಡ್ಡೇರಿ, ಪಾವಗಡದಲ್ಲೆಲ್ಲ ಹೇಳಿದ. ಎಲ್ಲ ಕಡೆಯೂ ಕೊನೆಯ ದೃಶ್ಯಕ್ಕೆ ಮೊದಲು ನಿಲ್ಲಿಸಿ ಜನರನ್ನು ಒಂದು ಪ್ರಶ್ನೆ ಕೇಳುತ್ತಿದ್ದ. ಅದನ್ನು ಅವನು ಮೊದಲು ಕೇಳಿದ್ದು ಆ ಶನಿವಾರವೇ. ಹೋಟೆಲಿನವನು ಎಡಗೈಯಲ್ಲಿ ಗುಂಡು ಹಾರಿಸಿ ಸಿಕ್ಕಿಬಿದ್ದಿದ್ದ, ಹಗ್ಗ ಇನ್ನೂ ಬಿಗಿದಿರಲಿಲ್ಲ. ಬಸವಲಿಂಗಯ್ಯ ಕೋಲು ಎತ್ತಿದ.

"ತಾಯಂದಿರಾ, ನ್ಯಾಯ ನೀವೇ ಹೇಳ್ಬೇಕು. ನೀವು ಕಣ್ಣಾರೆ ಕಂಡಂಗೆ, ಈ ಇಡೀ ಊರಲ್ಲಿ ಎಡಚರು ಎಷ್ಟು ಜನ?"

ಚಾಂದ್ ಬಿ ಎದ್ದು ನಿಂತಳು. ಕೈ ಮೇಲೆತ್ತಿ ಒಂದು ಬೆರಳು ತೋರಿಸಿದಳು. ಮೊಣಕೈವರೆಗಿನ ಬಳೆಗಳು ಝಲ್ಲೆಂದವು. ತೆರೆಯ ಎರಡೂ ಕಡೆಗೆ ಕೇಳುವಂತೆ ಹೇಳಿದಳು:

"ಒಬ್ಬನೇ!"